ಹದಿನೈದು ಕಿಲೋಮೀಟರ್ ಓಡಿ ನಿಲ್ಲುವ ಹಳೇ ಪಿಕಪ್: ಪೆಟ್ರೋಲ್ ಎಲ್ಲಿ ತಡೀತಿದೆ?

ಗಂಗಾವತಿ ಪಿಕಪ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದ್ದೀನಿ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮ ಅಪ್ಪನ ಕಾಲದ ಮಹೀಂದ್ರಾ ಎಫ್‌ಸಿ (ಫಾರ್ವರ್ಡ್ ಕಂಟ್ರೋಲ್) ಪಿಕಪ್ ಇದೆ. ಮುಂದೆ ಮೂತಿ ಇಲ್ಲದ ಗಾಡಿ. ಡ್ರೈವರ್ ಸೀಟಿಗೂ ಪಕ್ಕದ ಸೀಟಿಗೂ ನಡುವೆ ಇಂಜಿನ್ ಡಬ್ಬಿ. ಪೆಟ್ರೋಲ್, ನಾಲ್ಕು ಸಿಲಿಂಡರಿನ ಹರಿಕೇನ್ ಇಂಜಿನ್, 2.2 ಲೀಟರ್. ಅಪ್ಪ ಇದರಲ್ಲೇ ಕಾರಟಗಿಯ ಮಿಲ್ಲಿಗೆ ಭತ್ತ ಹೊಡೀತಿದ್ದರು. ಅವರು ತೀರಿಕೊಂಡ ಮೇಲೆ ಹನ್ನೆರಡು ವರ್ಷ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ನಿಂತಿತ್ತು. ಎರಡು ವರ್ಷ ಹಿಡಿದು ರಿಪೇರಿ ಮಾಡಿಸಿದೆ. ಇಂಜಿನ್ ಬೋರ್ ಮಾಡಿಸಿ ಹೊಸ ಪಿಸ್ಟನ್, ಹೊಸ ವೈರಿಂಗ್, ಟಿಂಕರಿಂಗ್, ಪೇಂಟ್. ಟ್ಯಾಂಕ್ ಒಳಗೆ ತುಕ್ಕು ಹಿಡಿದಿತ್ತು, ತೊಳೆಸಿ ಒಳಗಡೆ ಕೋಟಿಂಗ್ ಹಾಕಿಸಿದೆ. ಬಣ್ಣ ಅಪ್ಪ ಇಟ್ಟಿದ್ದ ಹಸಿರೇ.

ಈಗ ಸಮಸ್ಯೆ. ಬೆಳಗ್ಗೆ ಚೋಕ್ ಎಳೆದು ಸೆಲ್ಫ್ ಒತ್ತಿದರೆ ತಕ್ಷಣ ಹತ್ತುತ್ತೆ. ನಿಂತಲ್ಲಿ ಸ್ಲೋ ಚೆನ್ನಾಗಿದೆ, ಓಡುವಾಗ ಎಳೆತ ಚೆನ್ನಾಗಿದೆ. ಹದಿನೈದು, ಹೆಚ್ಚೆಂದರೆ ಹದಿನೆಂಟು ಕಿಲೋಮೀಟರ್ ಓಡುತ್ತೆ. ಆಮೇಲೆ ಯಾರೋ ಹಿಂದಿನಿಂದ ಹಗ್ಗ ಹಾಕಿ ಎಳೆದಂಗೆ ಆಗುತ್ತೆ. ಆಕ್ಸಲರೇಟರ್ ಒತ್ತಿದಷ್ಟೂ ಸೊರಗುತ್ತೆ, ನಾಲ್ಕು ಸಲ ಕೆಮ್ಮುತ್ತೆ, ನಿಲ್ಲುತ್ತೆ. ಇಪ್ಪತ್ತು ನಿಮಿಷ ರಸ್ತೆ ಪಕ್ಕ ಕೂತು ಮತ್ತೆ ಹಚ್ಚಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಹತ್ತುತ್ತೆ. ಇನ್ನೊಂದು ನಾಲ್ಕೈದು ಕಿಲೋಮೀಟರ್, ಮತ್ತೆ ಅದೇ ಕಥೆ. ಶ್ರೀರಾಮನಗರ ದಾಟಿ ಎರಡು ಸಲ ನಿಂತಿದೆ. ಒಂದು ಸಲ ಕಾಲುವೆ ಸೇತುವೆ ಮೇಲೇ ನಿಂತು, ಹಿಂದೆ ಭತ್ತದ ಲಾರಿಗಳು ಸಾಲಾಗಿ ಹಾರ್ನ್ ಹೊಡೀತಿದ್ದವು.

ಇಷ್ಟರಲ್ಲಿ ಮಾಡಿಸಿದ್ದು: ಕಾರ್ಬರೇಟರ್ ಎರಡು ಸಲ ಬಿಚ್ಚಿ ತೊಳೆಸಿದೆ. ಫಿಲ್ಟರ್ ಹೊಸದು, ಕಿಡಿ ಕೊಡುವ ಪ್ಲಗ್, ಪಾಯಿಂಟು, ಕಂಡೆನ್ಸರ್ ಎಲ್ಲ ಹೊಸದು. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಇಂಜಿನ್ನಿನ ಪಂಪಿಗೆ ರಿಪೇರಿ ಕಿಟ್ ಹಾಕಿಸಿದೆ. ಪ್ರತಿ ಸಲ "ಈಗ ಸರಿಯಾಯ್ತು" ಅಂತಾರೆ, ಪ್ರತಿ ಸಲ ಹದಿನೈದು ಕಿಲೋಮೀಟರಿಗೆ ನಿಲ್ಲುತ್ತೆ. ಅವ್ವ ಹುಲಿಗೆಮ್ಮನ ಗುಡಿಗೆ ಇದೇ ಗಾಡಿಯಲ್ಲಿ ಹೋಗಬೇಕು ಅಂತ ಹರಕೆ ಹೊತ್ತಿದ್ದಾಳೆ. ಅವಳನ್ನು ಕೂರಿಸಿಕೊಂಡು ಬಿಸಿಲಲ್ಲಿ ರಸ್ತೆ ಮೇಲೆ ನಿಲ್ಲೋಕೆ ನನಗೆ ಧೈರ್ಯ ಇಲ್ಲ. ಏನು ನೋಡಬೇಕು ಹೇಳಿ.

ರಾಯಚೂರು ಬಿಸಿಲು:

ಇದು ವೇಪರ್ ಲಾಕ್, ಅನುಮಾನ ಬೇಡ. ಏಪ್ರಿಲ್ ತಿಂಗಳು, ನಮ್ಮ ಕಡೆ 42 ಡಿಗ್ರಿ. ಪೆಟ್ರೋಲಿನಲ್ಲಿರುವ ಹಗುರ ಅಂಶ 40 ಡಿಗ್ರಿ ಆಸುಪಾಸಿನಲ್ಲೇ ಕುದಿಯಲು ಶುರು ಮಾಡುತ್ತೆ. ನಿಮ್ಮ ಗಾಡಿಯಲ್ಲಿ ಪಂಪ್ ಇರುವುದು ಎಕ್ಸಾಸ್ಟ್ ಇರುವ ಬದಿಗೇ. ಮೇಲೆ ಡಬ್ಬಿ ಮುಚ್ಚಿದೆ, ಗಾಳಿ ಆಡಲ್ಲ. ಪೈಪಿನೊಳಗೆ ಪೆಟ್ರೋಲ್ ಆವಿಯಾಗಿ ಗುಳ್ಳೆ ಕೂತರೆ ಪಂಪ್ ಆ ಗುಳ್ಳೆಯನ್ನೇ ಹಿಂದೆ ಮುಂದೆ ತಳ್ಳುತ್ತಾ ಇರುತ್ತೆ, ಪೆಟ್ರೋಲ್ ಮುಂದಕ್ಕೆ ಹೋಗಲ್ಲ.

ನಮ್ಮ ಚಿಕ್ಕಪ್ಪನ ಜೀಪಿನಲ್ಲಿ ಮಾನ್ವಿಗೆ ಹೋಗುವಾಗ ಪಂಪಿಗೆ ಒದ್ದೆ ಗೋಣಿತಾಟು ಸುತ್ತುತ್ತಿದ್ದೆವು. ಬಾಟಲಿ ನೀರು ಕೈಯಲ್ಲೇ ಇರುತ್ತಿತ್ತು. ಹಳೇ ಬನಿಯನ್ ಬಟ್ಟೆ ಒದ್ದೆ ಮಾಡಿ ಪಂಪ್ ಮೇಲೂ ಪೈಪ್ ಮೇಲೂ ಸುತ್ತಿ ನೋಡಿ. ಓಡಿದರೆ ರೋಗ ಗೊತ್ತಾಯ್ತಲ್ವಾ. ಆಮೇಲೆ ಕಾರ್ಬರೇಟರ್ ಕೆಳಗೆ ದಪ್ಪ ಬ್ಯಾಕಲೈಟ್ ಪ್ಯಾಕಿಂಗ್, ಎಕ್ಸಾಸ್ಟ್‌ಗೂ ಪಂಪಿಗೂ ನಡುವೆ ತಗಡಿನ ಮರೆ.

ಬಳ್ಳಾರಿ ಬುಲೆಟ್:

ಇಷ್ಟೆಲ್ಲ ಯಾಕೆ ಅಣ್ಣಾ. ಆ ಹಳೇ ಪಂಪ್ ತೆಗೆದುಹಾಕಿ ಒಂದು ಎಲೆಕ್ಟ್ರಿಕ್ ಪಂಪ್ ಟ್ಯಾಂಕ್ ಹತ್ತಿರ ಕೂರಿಸಿ. ಅರ್ಧ ದಿನದ ಕೆಲಸ. ನಮ್ಮ ಫ್ರೆಂಡ್ ಒಬ್ಬರ ಹಳೇ ಅಂಬಾಸಿಡರ್‌ಗೆ ಹಾಕಿದ್ದೀವಿ, ಬಳ್ಳಾರಿಯಿಂದ ಸಂಡೂರಿಗೆ ಮಧ್ಯಾಹ್ನವೂ ಹೋಗಿ ಬರ್ತಾರೆ.

ಸಿಂಧನೂರು ಮೇಸ್ತ್ರಿ:

ತಮ್ಮಾ, ಇನ್ನು ಒಂದು ಸಾಮಾನೂ ಬದಲಿಸಬೇಡ. ಇಷ್ಟು ದಿನ ಎಲ್ಲರೂ ಗಾಡಿಯನ್ನು ಗ್ಯಾರೇಜಿನಲ್ಲಿ ಚೆನ್ನಾಗಿ ಓಡುವಾಗ ನೋಡಿದ್ದಾರೆ. ಚೆನ್ನಾಗಿ ಓಡುವಾಗ ಅದು ಏನನ್ನೂ ಹೇಳಲ್ಲ. ನಿಂತಾಗ ಮಾತ್ರ ಹೇಳುತ್ತೆ. ಆ ಇಪ್ಪತ್ತು ನಿಮಿಷವನ್ನು ನೀನು ಮರದ ಕೆಳಗೆ ಕೂತು ಕಳೀತಿದ್ದೀಯ. ಮುಂದಿನ ಸಲ ನಿಂತ ತಕ್ಷಣ, ಒಂದು ನಿಮಿಷವೂ ಬಿಡದೆ, ನಾನು ಹೇಳಿದ್ದು ನೋಡು.

ಮೊದಲು ಟ್ಯಾಂಕಿನ ಮುಚ್ಚಳ ತೆಗಿ. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂತಾ? ಬಂದರೆ ಮುಚ್ಚಳದ ಗಾಳಿತೂತು ಮುಚ್ಚಿದೆ. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಗೆ ಹೋಗಬೇಕು, ಹೋಗದಿದ್ದರೆ ಪಂಪ್ ಎಳೆಯೋದು ನಿಲ್ಲುತ್ತೆ. ಹೊಸ ಮುಚ್ಚಳ ಹಾಕಿದ ಗಾಡಿಗಳಲ್ಲಿ ಇದು ಜಾಸ್ತಿ.

ಎರಡನೇದು, ಕಿಡಿ. ಜೇಬಲ್ಲಿ ಒಂದು ಹಳೇ ಪ್ಲಗ್ ಇಟ್ಕೋ. ವೈರಿಗೆ ಚುಚ್ಚಿ, ಪ್ಲಗ್‌ನ ಮೈ ಬ್ಲಾಕಿಗೆ ತಾಗಿಸಿ, ಜೊತೆಗಿದ್ದವನಿಗೆ ಸೆಲ್ಫ್ ಒತ್ತಲು ಹೇಳು. ಕಾರ್ಬರೇಟರಿನಿಂದ ದೂರ ಹಿಡಿ. ನೀಲಿ ಕಿಡಿ ಚಟ್ ಅಂತ ಹಾರಿದರೆ ಕರೆಂಟ್ ಸರಿ ಇದೆ. ಹಳದಿ, ತೆಳ್ಳಗೆ ಬಂದರೆ ಪೆಟ್ರೋಲ್ ಮಾತೇ ಬಿಡು, ಕಿಡಿಗೆ ಕರೆಂಟ್ ಕೊಡುವ ಕಾಯಿಲ್, ಇಲ್ಲವೇ ಕಂಡೆನ್ಸರ್ ಬಿಸಿಗೆ ಸೋಲುತ್ತಿದೆ. ಹೊಸ ಕಂಡೆನ್ಸರ್ ಹಾಕಿದೀನಿ ಅಂತ ನಂಬಿಕೊಂಡು ಕೂರಬೇಡ, ಹೊಸದರಲ್ಲೂ ಕೆಟ್ಟದ್ದು ಬರ್ತದೆ. ಬಿಸಿಯಾದಾಗ ಸೋತು ತಣ್ಣಗಾದಾಗ ಎದ್ದು ಕೂರುವ ಕಾಯಿಲ್ ಥೇಟ್ ನೀನು ಬರೆದ ಹಾಗೇ ಆಡಿಸುತ್ತೆ.

ಮೂರನೇದು, ಪಂಪಿನ ಕೆಳಗಿನ ಗಾಜಿನ ಬಟ್ಟಲು. ಪೆಟ್ರೋಲ್ ತುಂಬಿದೆಯಾ, ಅರ್ಧ ಇದೆಯಾ, ಖಾಲಿನಾ? ಇದನ್ನು ಬರೆದು ಇಡು.

ಬುಲೆಟ್ ತಮ್ಮಾ, ಎಲೆಕ್ಟ್ರಿಕ್ ಪಂಪ್ ಕೆಟ್ಟದ್ದು ಅನ್ನಲ್ಲ. ಆದರೆ ಈ ಕಾರ್ಬರೇಟರಿಗೆ ಬೇಕಾದ ಒತ್ತಡ ಎರಡೂವರೆಯಿಂದ ನಾಲ್ಕು ಪಿಎಸ್‌ಐ ಒಳಗೆ. ಇಂಜೆಕ್ಷನ್ ಗಾಡಿಯ ಪಂಪ್ 40ರ ಮೇಲೆ ಕೊಡುತ್ತೆ. ಅಂಥದ್ದನ್ನು ತಂದು ಕೂರಿಸಿದರೆ ಕಾರ್ಬರೇಟರಿನೊಳಗೆ ಪೆಟ್ರೋಲ್ ತಡೆಯುವ ನೀಡಲ್ ಸೋಲುತ್ತೆ, ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರ್ ತುಂಬಿ ಬಿಸಿ ಎಕ್ಸಾಸ್ಟ್ ಮೇಲೆ ಪೆಟ್ರೋಲ್ ಸುರಿಯುತ್ತೆ. ಎಫ್‌ಸಿಯಲ್ಲಿ ಆ ಎಕ್ಸಾಸ್ಟ್ ಇರೋದು ನಿನ್ನ ಮೊಣಕಾಲ ಪಕ್ಕ. ಮೊದಲು ರೋಗ ಗೊತ್ತಾಗಲಿ.

ಸಂಡೂರು ಜೀಪ್:

ಮೇಸ್ತ್ರಿ ಹೇಳಿದ ಕ್ರಮ ಸರಿ. ಒಂದು ಸೇರಿಸುತ್ತೇನೆ. ಪಂಪಿಗೆ ಕಿಟ್ ಹಾಕಿಸಿದ್ದೀರಿ ಅಲ್ವಾ, ಇಂಜಿನ್ ಆಯಿಲ್ ಕಡ್ಡಿ ತೆಗೆದು ಮೂಸಿ ನೋಡಿ. ಪಂಪಿನೊಳಗಿನ ಡಯಾಫ್ರಾಮ್ (ಮೇಲೆ ಕೆಳಗೆ ಆಡುವ ತೆಳು ಪರದೆ) ಹರಿದಿದ್ದರೆ ಪೆಟ್ರೋಲ್ ಕೆಳಗೆ ಆಯಿಲ್ ಚೇಂಬರಿಗೆ ಇಳಿಯುತ್ತೆ. ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತೆ, ತೆಳ್ಳಗಾಗುತ್ತೆ. ನಮ್ಮ ಜೀಪಿನಲ್ಲಿ ಹೀಗಾಗಿ ಬೇರಿಂಗ್ ಹೋಯಿತು.

ಇನ್ನೊಂದು. ಈ ಇಂಜಿನ್‌ಗಳಲ್ಲಿ ಕೆಲವಕ್ಕೆ ಎರಡು ಅಂತಸ್ತಿನ ಪಂಪ್ ಬರುತ್ತೆ, ಒಂದು ಪೆಟ್ರೋಲಿಗೆ, ಇನ್ನೊಂದು ವೈಪರ್ ಓಡಿಸುವ ವ್ಯಾಕ್ಯೂಮ್‌ಗೆ. ಆ ವ್ಯಾಕ್ಯೂಮ್ ಕಡೆಯ ಡಯಾಫ್ರಾಮ್ ಹರಿದರೆ ಆಯಿಲ್ ಎಳೆದುಕೊಂಡು ನೀಲಿ ಹೊಗೆ ಬರುತ್ತೆ. ಜನ ಪಿಸ್ಟನ್ ರಿಂಗ್ ಹೋಗಿದೆ ಅಂತ ಇಂಜಿನ್ ಬಿಚ್ಚುತ್ತಾರೆ.

ಸಿರುಗುಪ್ಪ ರೈತ:

ಸಂಡೂರು ಅಣ್ಣಾ, ನೀವು ಬರೆದದ್ದು ಓದಿ ಈಗಷ್ಟೇ ಹೋಗಿ ನಮ್ಮ ಹಳೇ ಜೀಪಿನ ಕಡ್ಡಿ ತೆಗೆದೆ. ಮೇಲಿನ ಗೆರೆ ದಾಟಿ ಒಂದು ಬೆರಳು ಜಾಸ್ತಿ ಇದೆ. ಪೆಟ್ರೋಲ್ ವಾಸನೆ ಬರ್ತಿದೆ. ನಾಳೆ ಬಳ್ಳಾರಿಗೆ ತಗೊಂಡು ಹೋಗಿ ತೋರಿಸಲಾ?

ಸಂಡೂರು ಜೀಪ್:

ಹಚ್ಚಲೇಬೇಡಿ. ಆ ಆಯಿಲ್‌ನಿಂದ ಏಳುವ ಆವಿಗೆ ಒಂದು ಕಿಡಿ ಸಾಕು. ಇದ್ದಲ್ಲೇ ಆಯಿಲ್ ಇಳಿಸಿ, ಪಂಪ್ ಬಿಚ್ಚಿ ಡಯಾಫ್ರಾಮ್ ಹಾಕಿಸಿ, ಹೊಸ ಆಯಿಲ್ ತುಂಬಿ, ಆಮೇಲೆ ಸೆಲ್ಫ್ ಮುಟ್ಟಿ. ಮೇಸ್ತ್ರಿಯನ್ನೇ ಮನೆಗೆ ಕರೆಸಿ.

ಗಂಗಾವತಿ ಪಿಕಪ್:

ಇವತ್ತು ಭಾನುವಾರ, ತಮ್ಮನನ್ನು ಜೊತೆಗೆ ಕರೆದುಕೊಂಡು ಹೋದೆ. ಹದಿನಾರು ಕಿಲೋಮೀಟರಿಗೆ ನಿಂತಿತು. ಸಮಯ ಮಧ್ಯಾಹ್ನ ಒಂದು.

ಮುಚ್ಚಳ ತೆಗೆದೆ, ಸದ್ದು ಬರಲಿಲ್ಲ. ಕಿಡಿ ನೀಲಿ, ಜೋರಾಗಿ ಹಾರಿತು. ಗಾಜಿನ ಬಟ್ಟಲಲ್ಲಿ ತಳಕ್ಕೆ ಒಂದು ಚಮಚದಷ್ಟು ಮಾತ್ರ ಪೆಟ್ರೋಲ್, ಮೇಲೆಲ್ಲ ಖಾಲಿ. ಆಯಿಲ್ ಕಡ್ಡಿ ಸರಿ ಇದೆ, ವಾಸನೆ ಇಲ್ಲ.

ರಾಯಚೂರು ಅಣ್ಣ ಹೇಳಿದ ಹಾಗೆ ಬನಿಯನ್ ಬಟ್ಟೆ ನೆನೆಸಿ ಪಂಪಿಗೂ ಪೈಪಿಗೂ ಸುತ್ತಿದೆ. ಒಂದು ಲೀಟರ್ ನೀರು ನಿಧಾನಕ್ಕೆ ಹಾಕಿದೆ. ಹದಿನೈದು ನಿಮಿಷ ಆದ ಮೇಲೆ ಹಚ್ಚಿದರೆ ಹತ್ತಿತು! ಮನೆ ತನಕ ಬಂದೆ, ನಡುವೆ ಒಂದೇ ಸಲ ನಿಂತಿತು. ವೇಪರ್ ಲಾಕೇ ಅನ್ನಿಸ್ತಿದೆ. ಎಲ್ಲರಿಗೂ ಧನ್ಯವಾದ. ತಗಡಿನ ಮರೆ ಮಾಡಿಸೋಕೆ ನಾಳೆ ಹೋಗ್ತೀನಿ.

ಸಿಂಧನೂರು ಮೇಸ್ತ್ರಿ:

ತಗಡು ಕೊಯ್ಯಿಸಬೇಡ, ನಿಲ್ಲು. ಬಟ್ಟೆ ಸುತ್ತದೆ ಇದ್ದಾಗಲೂ ಹದಿನೈದು ಇಪ್ಪತ್ತು ನಿಮಿಷಕ್ಕೆ ಹತ್ತುತ್ತಿತ್ತು ಅಲ್ಲಾ? ನೀರಿನಿಂದ ಹತ್ತಿತೋ, ಕಾದದ್ದರಿಂದ ಹತ್ತಿತೋ, ಹೇಗೆ ಹೇಳ್ತೀ?

ಬಿಸಿಯ ರೋಗ ನಾನು ಬಹಳ ನೋಡಿದ್ದೀನಿ. ಅದು ಸಾಮಾನ್ಯವಾಗಿ ಗಾಡಿ ನಿಲ್ಲಿಸಿ, ಚಹಾ ಕುಡಿದು, ಹತ್ತು ನಿಮಿಷಕ್ಕೆ ಬಂದು ಹಚ್ಚಿದಾಗ ಹಿಡಿಯುತ್ತೆ. ಫ್ಯಾನ್ ನಿಂತು ಇಂಜಿನ್ನಿನ ಬಿಸಿಯೆಲ್ಲ ಪಂಪಿಗೆ ಏರಿರುತ್ತೆ. ಇಲ್ಲಾ ಸಂತೆಯಲ್ಲಿ ಒಂದನೇ ಗೇರಲ್ಲಿ ತೆವಳುವಾಗ. ನಿನ್ನದು ಖಾಲಿ ರಸ್ತೆಯಲ್ಲಿ 50ರಲ್ಲಿ ಓಡುವಾಗ ನಿಲ್ಲುತ್ತೆ, ಆಮೇಲೆ ಬಿಸಿ ಇರುವಾಗಲೇ ಹತ್ತುತ್ತೆ. ಲೆಕ್ಕ ಕೂಡ್ತಿಲ್ಲ.

ಬೆಳಗಿನ ಜಾವ ಐದಕ್ಕೆ ಹೊರಡು. ತಣ್ಣಗಿರುವಾಗ ಎಷ್ಟು ಓಡುತ್ತೆ ನೋಡು.

ಕೊಪ್ಪಳ ಕೆಮಿಸ್ಟ್ರಿ ಮೇಷ್ಟ್ರು:

ಅದರ ಜೊತೆಗೆ ಪೆಟ್ರೋಲಿನ ಬಗ್ಗೆಯೂ ಯೋಚಿಸಿ. ನಿಮ್ಮ ಅಪ್ಪ ಹಾಕಿಸುತ್ತಿದ್ದ ಪೆಟ್ರೋಲ್ ಬೇರೆ, ಈಗ ಬಂಕಿನಲ್ಲಿ ಸಿಗುವುದು ಬೇರೆ. 2022ರಲ್ಲಿ ನಮ್ಮ ದೇಶದಲ್ಲಿ ಎಥೆನಾಲ್ ಬೆರಕೆ 10 ಪರ್ಸೆಂಟ್ ಮುಟ್ಟಿತು. 2025ರ ಹೊತ್ತಿಗೆ 20. ಕಬ್ಬು, ಮೆಕ್ಕೆಜೋಳ, ನುಚ್ಚಕ್ಕಿಯಿಂದ ಮಾಡುವ ಸ್ಪಿರಿಟ್ ಇದು. ಹೊಸ ಗಾಡಿಗಳ ಸಾಮಾನು ಇದಕ್ಕೆ ಹೊಂದುವಂತೆ ಮಾಡಿರುತ್ತಾರೆ. ನಿಮ್ಮ ಗಾಡಿ ಹುಟ್ಟಿದಾಗ ಈ ಮಾತೇ ಇರಲಿಲ್ಲ.

ಎಥೆನಾಲ್ ಮೂರು ಕೆಲಸ ಮಾಡುತ್ತೆ. ಹಳೇ ಕಾಲದ ರಬ್ಬರ್, ಕಾರ್ಕ್ ಪ್ಯಾಕಿಂಗ್, ಅರಗಿನಂಥ ಅಂಟು, ಇವನ್ನು ಮೆತ್ತಗೆ ಮಾಡುತ್ತೆ, ಉಬ್ಬಿಸುತ್ತೆ. ಟ್ಯಾಂಕಿನಲ್ಲಿ ವರ್ಷಗಟ್ಟಲೆ ಅಂಟಿದ್ದ ಕೊಳೆಯನ್ನು ಕರಗಿಸಿ ಎಬ್ಬಿಸುತ್ತೆ. ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ನೀರು ಜಾಸ್ತಿಯಾದರೆ ನೀರು, ಎಥೆನಾಲ್ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಪೈಪ್ ಎಳೆಯೋದು ಆ ತಳದಿಂದಲೇ.

ಬೇಕಾದರೆ ಮನೆಯಲ್ಲೇ ನೋಡಬಹುದು, ಒಲೆ ದೀಪ ಯಾವುದೂ ಹತ್ತಿರ ಇಲ್ಲದ ಬಯಲಲ್ಲಿ. ಗೆರೆ ಇರುವ 100 ಎಂಎಲ್ ಗಾಜಿನ ಅಳತೆ ಕೊಳವೆಯಲ್ಲಿ 10 ಎಂಎಲ್ ನೀರು ಹಾಕಿ, 100ರ ಗೆರೆ ತನಕ ಪೆಟ್ರೋಲ್ ತುಂಬಿ, ಬಾಯಿ ಮುಚ್ಚಿ ಅಲ್ಲಾಡಿಸಿ ಇಡಿ. ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರುತ್ತೆ. ಸ್ವಲ್ಪ ಹೊತ್ತಿಗೆ ತಳದ ಪದರ 10ರ ಗೆರೆ ಬಿಟ್ಟು 28ರ ಹತ್ತಿರ ಬಂದು ನಿಲ್ಲುತ್ತೆ. ನಾನು ವಿದ್ಯಾರ್ಥಿಗಳಿಗೆ ತೋರಿಸುವಾಗ ಹಿಂದಿನ ಬೆಂಚಿನವರೂ ಎದ್ದು ಬಂದು ನೋಡುತ್ತಾರೆ.

ಅಂದಹಾಗೆ ನಿಮ್ಮ ಟ್ಯಾಂಕಿನಿಂದ ಪಂಪಿನ ತನಕ ರಬ್ಬರ್ ಪೈಪ್ ಎಷ್ಟಿದೆ? ಹೊರಗೆ ಹೊಸದಾಗಿ ಕಂಡರೂ ಒಳಪದರ ಬಿಟ್ಟುಕೊಂಡು, ಎಳೆತ ಬಿದ್ದಾಗ ಒಳಗೇ ಮುಚ್ಚಿಕೊಳ್ಳುವ ಪೈಪ್‌ಗಳಿವೆ.

ಗಂಗಾವತಿ ಪಿಕಪ್:

ಬೆಳಗ್ಗೆ ಐದಕ್ಕೆ ಹೊರಟೆ. ಗಾಳಿ ತಣ್ಣಗೆ ಬೀಸ್ತಿತ್ತು, ಗಾಜು ಇಳಿಸಿದರೆ ಗದ್ದೆಯ ವಾಸನೆ. ಹದಿನಾಲ್ಕು ಕಿಲೋಮೀಟರಿಗೆ ನಿಂತಿತು. ಪಂಪ್ ಮುಟ್ಟಿದೆ, ಬೆಚ್ಚಗಿತ್ತು ಅಷ್ಟೇ, ಕೈ ಇಟ್ಟುಕೊಂಡು ಇರಬಹುದಿತ್ತು. ಬಟ್ಟಲು ಖಾಲಿ. ಮೇಸ್ತ್ರಿ ಕಾಕಾ, ನೀವು ಹೇಳಿದ್ದು ಸರಿ.

ಮೇಷ್ಟ್ರೇ, ರಬ್ಬರ್ ಪೈಪ್ ಎರಡು ತುಂಡಿದೆ. ಟ್ಯಾಂಕ್ ಹತ್ತಿರ ಒಂದು ಗೇಣು ರಬ್ಬರ್, ಚಾಸಿ ಉದ್ದಕ್ಕೂ ತಾಮ್ರ, ಪಂಪ್ ಹತ್ತಿರ ಮತ್ತೆ ಒಂದು ಗೇಣು ರಬ್ಬರ್. ಬೆರಳಲ್ಲಿ ಒತ್ತಿದರೆ ಪಂಪ್ ಕಡೆಯದು ಮೆತ್ತಗಿದೆ, ಹಾಕಿಸಿದ್ದು ಒಂದೂವರೆ ವರ್ಷ ಆಯ್ತು.

ರಾಯಚೂರು ಬಿಸಿಲು:

ಹಾಗಾದರೆ ನನ್ನ ಊಹೆ ತಪ್ಪು. ಬೆಳಗಿನ ಐದಕ್ಕೆ ವೇಪರ್ ಲಾಕ್ ಆಗಲ್ಲ. ಮೇಸ್ತ್ರಿ ಮಾತು ಕೇಳಿ.

ಸಿಂಧನೂರು ಮೇಸ್ತ್ರಿ:

ಈಗ ಅರ್ಧ ಹಾದಿ ಬಂದೆವು. ಕಿಡಿ ಸರಿ ಇದೆ, ಬಟ್ಟಲು ಖಾಲಿ. ಅಂದರೆ ಕಾರ್ಬರೇಟರ್ ತಪ್ಪಿಲ್ಲ, ಅದಕ್ಕೆ ಊಟವೇ ಬರ್ತಿಲ್ಲ. ತಪ್ಪು ಪಂಪಿನದ್ದು, ಇಲ್ಲಾ ಪಂಪಿನ ಹಿಂದೆ ಟ್ಯಾಂಕಿನ ತನಕ. ಇದನ್ನು ಎರಡು ಭಾಗ ಮಾಡು.

5 ಲೀಟರಿನ ಪೆಟ್ರೋಲ್ ಕ್ಯಾನ್ ಒಂದು ತಗೋ. ಹಿಂದಿನ ಬಾಡಿಯಲ್ಲಿ ಅಲ್ಲಾಡದ ಹಾಗೆ ಹಗ್ಗದಿಂದ ಕಟ್ಟು. ಕ್ಯಾಬಿನ್ ಒಳಗೆ ಬೇಡ, ಇಂಜಿನ್ ಮೇಲಂತೂ ಬೇಡವೇ ಬೇಡ. ಮುಚ್ಚಳದಲ್ಲಿ ಗಾಳಿಗೆ ಸಣ್ಣ ತೂತು. ಅದರಿಂದ ಹೊಸ ಪೈಪ್ ನೇರ ಪಂಪಿನ ಒಳಬಾಯಿಗೆ, ಎರಡೂ ಕಡೆ ಕ್ಲಿಪ್. ಟ್ಯಾಂಕಿನ ಕಡೆಯ ಪೈಪಿನ ಬಾಯಿಗೆ ಬೋಲ್ಟ್ ತೂರಿಸಿ ಕ್ಲಿಪ್ ಹಾಕು. ಬೆಂಕಿ ಆರಿಸುವ ಸಿಲಿಂಡರ್ ಕಾಲ ಹತ್ತಿರ ಇರಲಿ. ಇಪ್ಪತ್ತೈದು ಕಿಲೋಮೀಟರ್ ಓಡಿಸು. ನಿಲ್ಲದೆ ಓಡಿದರೆ ಪಂಪ್ ಒಳ್ಳೇದು, ರೋಗ ಹಿಂದೆ ಇದೆ. ನಿಂತರೆ ಪಂಪ್ ಬಿಚ್ಚೋಣ.

ಓಡಿತು ಅಂದರೆ ಇನ್ನೊಂದು ಕೆಲಸ. ಕ್ಯಾನ್ ತೆಗೆದು, ಪೈಪ್ ಮೊದಲಿನಂತೆ ಕೂಡಿಸಿ ಓಡಿಸು, ನಿಲ್ಲಲಿ. ನಿಂತಲ್ಲೇ ಪಂಪಿನ ಕಡೆ ಪೈಪ್ ಬಿಚ್ಚಿ, ಟ್ಯಾಂಕ್ ಮುಚ್ಚಳ ತೆಗೆದಿಟ್ಟು, ಸೈಕಲ್ ಪಂಪಿನಿಂದ ಹಿಂದಕ್ಕೆ, ಟ್ಯಾಂಕ್ ಕಡೆಗೆ, ಮೆತ್ತಗೆ ಗಾಳಿ ಹೊಡಿ. ಬಾಯಲ್ಲಿ ಊದೋದು ಎಳೆಯೋದು ಬೇಡ. ಹೇಗೆ ಹೋಯ್ತು ಅಂತ ಹೇಳು.

ಬಳ್ಳಾರಿ ಬುಲೆಟ್:

ಈ ಹಾದಿ ನನಗೆ ಗೊತ್ತೇ ಇರಲಿಲ್ಲ. ನಾನು ಹೇಳಿದ ಹಾಗೆ ಎಲೆಕ್ಟ್ರಿಕ್ ಪಂಪ್ ಹಾಕಿಸಿದ್ದರೂ ಎಳೆಯೋದು ಅದೇ ಟ್ಯಾಂಕಿನಿಂದ, ಅದೇ ಪೈಪಿನಿಂದ ಅಲ್ವಾ. ಮುಂದೇನಾಯ್ತು ಬರೀರಿ ಅಣ್ಣಾ, ದಿನಾ ನೋಡ್ತಿದ್ದೀನಿ.

ಗಂಗಾವತಿ ಪಿಕಪ್:

ಎರಡೂ ಮಾಡಿದೆ.

ಕ್ಯಾನ್ ಕಟ್ಟಿಕೊಂಡು ಇಪ್ಪತ್ತಾರು ಕಿಲೋಮೀಟರ್ ಓಡಿಸಿದೆ, ಹನ್ನೊಂದು ಗಂಟೆ ಬಿಸಿಲಲ್ಲಿ. ಒಂದು ಕೆಮ್ಮಿಲ್ಲ. ಅಪ್ಪನ ಜೊತೆ ಹೋಗುವಾಗ ಇಂಜಿನ್ ಡಬ್ಬಿ ಮೇಲೆ ಕೈ ಇಟ್ಟುಕೊಂಡು ಕೂರುತ್ತಿದ್ದೆ, ಆ ನಡುಕ ಹಾಗೇ ಇದೆ. ಎರಡು ವರ್ಷದಲ್ಲಿ ಮೊದಲ ಸಲ ಗಾಡಿ ಗಾಡಿಯ ಹಾಗೆ ಓಡಿತು.

ಆಮೇಲೆ ಟ್ಯಾಂಕಿಗೆ ವಾಪಸ್ ಕೂಡಿಸಿದೆ. ಹದಿನೇಳಕ್ಕೆ ನಿಂತಿತು. ತಕ್ಷಣ ಪೈಪ್ ಬಿಚ್ಚಿ ಸೈಕಲ್ ಪಂಪ್ ಹಚ್ಚಿದೆ. ಮೊದಲನೇ ಒತ್ತು ಗೋಡೆಗೆ ಒತ್ತಿದ ಹಾಗೆ ಬಿಗಿ. ಎರಡನೇದಕ್ಕೆ ಏನೋ ಫಟ್ ಅಂತ ಬಿಟ್ಟಿತು, ಆಮೇಲೆ ಟ್ಯಾಂಕಿನೊಳಗೆ ಗುಳುಗುಳು ಸದ್ದು. ಪೈಪ್ ಹಾಕಿ ಸೆಲ್ಫ್ ಒತ್ತಿದೆ, ಐದು ನಿಮಿಷವೂ ಆಗಿರಲಿಲ್ಲ, ಹತ್ತಿತು. ಅಲ್ಲಿಂದ ಆರು ಕಿಲೋಮೀಟರಿಗೆ ಮತ್ತೆ ನಿಂತಿತು, ಮತ್ತೆ ಗಾಳಿ ಹೊಡೆದೆ, ಮತ್ತೆ ಫಟ್.

ಸಿಂಧನೂರು ಮೇಸ್ತ್ರಿ:

ಟ್ಯಾಂಕ್ ಇಳಿಸು. ನೀನು ಮೊದಲ ದಿನವೇ ಬರೆದಿದ್ದೆ, ಒಳಗೆ ಕೋಟಿಂಗ್ ಹಾಕಿಸಿದೆ ಅಂತ. ನಾನೂ ಆವತ್ತು ಅದರ ಮೇಲೆ ಕಣ್ಣು ಹಾಯಿಸಿ ಬಿಟ್ಟುಬಿಟ್ಟೆ, ಬೆರಳಿಡಬೇಕಿತ್ತು.

ಇಳಿಸುವಾಗ ಬ್ಯಾಟರಿ ವೈರ್ ತೆಗೆದಿಡು. ಬಯಲಲ್ಲಿ ಮಾಡು, ಶೆಡ್ಡಿನೊಳಗೆ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಬೀಡಿ ಬೆಂಕಿಯನ್ನೂ ಹುಡುಕಿಕೊಂಡು ಹೋಗುತ್ತೆ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಯಾರಾದರೂ "ಇಲ್ಲೊಂದು ಬೆಸುಗೆ ಹಾಕಿಬಿಡ್ತೀನಿ" ಅಂದರೆ ಕೈ ಮುಗಿದು ವಾಪಸ್ ತಗೊಂಡು ಬಾ.

ಗಂಗಾವತಿ ಪಿಕಪ್:

ಟ್ಯಾಂಕ್ ಇಳಿಸಿದೆ. ಪೆಟ್ರೋಲನ್ನು ಬಿಳಿ ಬಟ್ಟೆ ಕಟ್ಟಿದ ಬಕೆಟಿಗೆ ಸುರಿದೆವು. ಮೊದಲು ಸ್ವಚ್ಛವಾಗಿಯೇ ಬಂತು, ಕೊನೆಯ ಎರಡು ಲೀಟರಿನಲ್ಲಿ ಬಂದದ್ದು ನೋಡಿ ನಾವಿಬ್ಬರೂ ಸುಮ್ನೆ ನಿಂತುಬಿಟ್ಟೆವು.

ಬೂದಿ ಬಣ್ಣದ ಚೂರುಗಳು. ಕೆಲವು ಉಗುರಿನಷ್ಟು, ಕೆಲವು ಹೆಬ್ಬೆಟ್ಟಿನಷ್ಟು, ಒಂದು ಅಂಗೈ ಅರ್ಧದಷ್ಟು. ಪೇಂಟಿನ ಹಾಗೆ ಗಟ್ಟಿ ಇರುತ್ತೆ ಅಂದುಕೊಂಡಿದ್ದೆ, ಮುಟ್ಟಿದರೆ ಕಾಯಿಸಿದ ಹಾಲಿನ ಕೆನೆಯಷ್ಟು ಮೆತ್ತಗೆ, ಮಡಚಿದರೆ ಮಡಚುತ್ತೆ. ಟಾರ್ಚ್ ಹಾಕಿ ಒಳಗೆ ನೋಡಿದರೆ ತಳದಲ್ಲಿ ಕೋಟಿಂಗ್ ಗೆದ್ದಲು ಹತ್ತಿದ ಗೋಡೆಯ ಸುಣ್ಣದ ಹಾಗೆ ಎದ್ದು ನಿಂತಿದೆ.

ಒಂದು ಚೂರನ್ನು ಎತ್ತಿ ಬಿಸಿಲಿಗೆ ಹಿಡಿದೆ. ಅದರ ನಡುವೆ ದುಂಡನೆ ಗುರುತು, ಬಳೆ ಒತ್ತಿದ ಹಾಗೆ. ಟ್ಯಾಂಕಿನೊಳಗಿನ ಪೈಪಿನ ಬಾಯಿಗೆ ಇಟ್ಟು ನೋಡಿದೆ, ಸರಿಯಾಗಿ ಕೂತಿತು. ಇಷ್ಟು ದಿನ ನನ್ನನ್ನು ರಸ್ತೆ ಮೇಲೆ ನಿಲ್ಲಿಸಿದ್ದು ಇದೇ. ಪಂಪ್ ಎಳೆದಾಗ ಬಂದು ಬಾಯಿಗೆ ಅಂಟುತ್ತಿತ್ತು, ಇಂಜಿನ್ ನಿಂತು ಎಳೆತ ಹೋದ ಮೇಲೆ ಮೆತ್ತಗೆ ಬಿಟ್ಟು ಕೆಳಗೆ ಬೀಳುತ್ತಿತ್ತು. ಅದಕ್ಕೇ ಇಪ್ಪತ್ತು ನಿಮಿಷ.

ಪೈಪಿನ ಬಾಯಿಗೆ ಜಾಲರಿಯೂ ಇರಲಿಲ್ಲ. ಪಂಪ್ ಹತ್ತಿರದ ಫಿಲ್ಟರ್ ಎಷ್ಟು ಸಲ ಬದಲಿಸಿದರೂ ಸ್ವಚ್ಛವಾಗಿಯೇ ಸಿಗುತ್ತಿತ್ತು, ಯಾಕಂದರೆ ಚೂರು ಅಲ್ಲಿತನಕ ಬರೋದೇ ಇಲ್ಲ.

ಕೊಪ್ಪಳ ಕೆಮಿಸ್ಟ್ರಿ ಮೇಷ್ಟ್ರು:

ಮೆತ್ತಗಾಗಿದೆ ಅಂದರೆ ಆ ಕೋಟಿಂಗ್ ಎಥೆನಾಲ್ ತಡೆಯುವ ಜಾತಿಯದ್ದಲ್ಲ. ಇಲ್ಲವೇ ಹಾಕುವ ಮೊದಲು ತುಕ್ಕು ಪೂರ್ತಿ ತೆಗೆಯದೆ, ಪೂರ್ತಿ ಒಣಗಿಸದೆ ಹಾಕಿದ್ದಾರೆ. ತುಕ್ಕಿನ ಪುಡಿ ಮೇಲೆ ಹಾಕಿದರೆ ಅದು ಹಿಡಿದುಕೊಳ್ಳುವುದು ತುಕ್ಕನ್ನು, ಕಬ್ಬಿಣವನ್ನಲ್ಲ.

ಅರ್ಧ ತೆಗೆದು ಅರ್ಧ ಬಿಡಬೇಡಿ. ಗಟ್ಟಿ ಇರುವಂತೆ ಕಾಣುವುದೂ ಇನ್ನು ಆರು ತಿಂಗಳಿಗೆ ಏಳುತ್ತೆ. ಅಸಿಟೋನ್ ತುಂಬಿ ಒಂದೆರಡು ದಿನ ಬಿಟ್ಟು, ದಿನಕ್ಕೆ ನಾಲ್ಕು ಸಲ ಮಗ್ಗುಲು ಬದಲಿಸಿದರೆ ಬಹುತೇಕ ಕೋಟಿಂಗ್ ಬಿಡುತ್ತೆ. ಕೈಗೆ ಗವಸು ಹಾಕಿಕೊಳ್ಳಿ, ಗಾಳಿ ಆಡುವ ಕಡೆ ಮಾಡಿ. ಅದಕ್ಕೂ ಬೆಂಕಿ ಪೆಟ್ರೋಲಿನಷ್ಟೇ ಬೇಗ ಹಿಡಿಯುತ್ತೆ.

ಸಿಂಧನೂರು ಮೇಸ್ತ್ರಿ:

ಅದಾದ ಮೇಲೆ ಒಳಗೆ ಒಂದು ಹಿಡಿ ಹಳೇ ನಟ್ಟು ಹಾಕಿ, ಬಾಯಿ ಮುಚ್ಚಿ, ಇಬ್ಬರು ಹಿಡಿದು ರಾಗಿ ಜರಡಿ ಆಡಿಸಿದ ಹಾಗೆ ಆಡಿಸಿ. ಹಾಕುವಾಗ ಎಣಿಸಿ ಹಾಕು, ತೆಗೆಯುವಾಗ ಎಣಿಸಿ ತೆಗಿ. ಸೋಪು ನೀರು, ಆಮೇಲೆ ಬರೀ ನೀರು, ಆಮೇಲೆ ನಮ್ಮ ಬಿಸಿಲಿಗೆ ಎರಡು ದಿನ ಬೋರಲು. ಒಣಗಿದ ದಿನವೇ ಒಂದು ಲೀಟರ್ ಪೆಟ್ರೋಲ್ ಹಾಕಿ ಎಲ್ಲ ಕಡೆ ತಾಗಿಸು, ಇಲ್ಲಾಂದ್ರೆ ಮರುದಿನ ಕೆಂಪು ಪುಡಿ ಹಿಡಿಯುತ್ತೆ.

ತಿರುಗಿ ಕೋಟಿಂಗ್ ಬೇಕಾ ಅಂತ ಕೇಳ್ತೀಯ, ಗೊತ್ತು. ತಗಡು ಗಟ್ಟಿ ಇದ್ದು ತೂತಿಲ್ಲ ಅಂದರೆ ಬೇಡ. ಟ್ಯಾಂಕ್ ಯಾವಾಗಲೂ ಮುಕ್ಕಾಲು ತುಂಬಿಸಿ ಇಡು, ಎರಡು ವಾರಕ್ಕೊಮ್ಮೆ ಓಡಿಸು. ಪೈಪಿನ ಬಾಯಿಗೆ ಹಿತ್ತಾಳೆ ಜಾಲರಿ ಹಾಕಿಸು, ಅಗಲದ್ದು, ಬೆರಳಿನಷ್ಟು ಉದ್ದ. ಒಂದು ಕಡೆ ಮುಚ್ಚಿದರೂ ಇನ್ನೊಂದು ಕಡೆಯಿಂದ ಎಳೆಯಬೇಕು. ರಬ್ಬರ್ ಪೈಪ್ ಎರಡೂ ತೆಗೆದು ಎಸಿ. ಹೊಸದು ತರುವಾಗ ಮೈಮೇಲೆ ಎಸ್‌ಎಇ ಜೆ30 ಆರ್9 ಅಂತ ಬರೆದಿರೋದನ್ನು ಕೇಳಿ ತಗೋ, ಅದು ಎಥೆನಾಲ್ ತಡೆಯುತ್ತೆ. ಪಂಪಿನ ಡಯಾಫ್ರಾಮ್ ಯಾವುದು ಹಾಕಿದ್ದಾರೆ ಅಂತಲೂ ಒಂದು ಸಲ ಬಿಚ್ಚಿ ನೋಡು. ಸಿರುಗುಪ್ಪದವರದ್ದು ಏನಾಯ್ತು?

ಸಿರುಗುಪ್ಪ ರೈತ:

ಡಯಾಫ್ರಾಮ್ ಒಂದು ಅಂಚಿನಲ್ಲಿ ಸೀಳಿತ್ತು, ಬೆರಳಲ್ಲಿ ಒತ್ತಿದರೆ ತೆರೆಯುತ್ತಿತ್ತು. ಹೊಸದು ಹಾಕಿಸಿದೆ, ಆಯಿಲ್ ಬದಲಿಸಿದೆ. ನೀವು ಹೇಳದೇ ಇದ್ದಿದ್ದರೆ ಆ ಗಾಡಿಯನ್ನು ಹಾಗೇ ಬಳ್ಳಾರಿ ತನಕ ಓಡಿಸುತ್ತಿದ್ದೆ. ಮನೆಯವರೆಲ್ಲರ ಪರವಾಗಿ ನಮಸ್ಕಾರ.

ಗಂಗಾವತಿ ಪಿಕಪ್:

ಹತ್ತು ದಿನ ಆಯ್ತು ಬರೆದು. ಟ್ಯಾಂಕ್ ಮೂರು ಸಲ ತೊಳೆದೆವು. ನಟ್ಟು ನಲವತ್ತು ಹಾಕಿದ್ದೆ, ನಲವತ್ತೂ ಬಂದವು. ಜಾಲರಿಯನ್ನು ರೇಡಿಯೇಟರ್ ಅಂಗಡಿಯವರು ಮಾಡಿಕೊಟ್ಟರು, ಬೆಸುಗೆಯನ್ನು ಬರೀ ಪೈಪಿಗೆ, ಟ್ಯಾಂಕಿನಿಂದ ಹೊರಗೆ ತೆಗೆದು ಹಾಕಿದರು. ಪೈಪ್, ಕ್ಲಿಪ್ ಹೊಸದು.

ನಿನ್ನೆ ಮಂಗಳವಾರ ಅವ್ವನನ್ನು ಕೂರಿಸಿಕೊಂಡು ಹುಲಿಗೆಮ್ಮನಿಗೆ ಹೋಗಿ ಬಂದೆ. ಹೋಗುವಾಗಲೂ ಬರುವಾಗಲೂ ಒಂದು ಸಲವೂ ನಿಲ್ಲಲಿಲ್ಲ. ಹದಿನೈದು ಕಿಲೋಮೀಟರ್ ದಾಟುವ ತನಕ ನಾನು ಉಸಿರು ಬಿಗಿ ಹಿಡಿದಿದ್ದೆ. ಅವ್ವ ಮಾತ್ರ ಕಿಟಕಿಯಿಂದ ಆಚೆ ನೋಡುತ್ತಾ, ನಿಮ್ಮಪ್ಪ ಇಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡೀತಿದ್ದರು, ಅಲ್ಲಿ ಟಯರ್ ಪಂಚರ್ ಆಗಿತ್ತು ಅಂತ ಹೇಳ್ತಾ ಬಂದಳು.

ಒಂದು ಉಳಿದಿದೆ. ಏರು ಹತ್ತುವಾಗ ಆಕ್ಸಲರೇಟರ್ ಒಮ್ಮೆಲೇ ಒತ್ತಿದರೆ ಕಾರ್ಬರೇಟರಿನಿಂದ ಪುಸ್ ಅಂತ ವಾಪಸ್ ಹೊಡೆಯುತ್ತೆ. ಚೋಕ್ ಕಾಲು ಭಾಗ ಎಳೆದರೆ ಸರಿಹೋಗುತ್ತೆ. ಪ್ಲಗ್ ತೆಗೆದು ನೋಡಿದೆ, ತುದಿ ಬೆಳ್ಳಗಿದೆ.

ಕೊಪ್ಪಳ ಕೆಮಿಸ್ಟ್ರಿ ಮೇಷ್ಟ್ರು:

ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಆಗ್ತಿದೆ. ಒಂದು ಕೆಜಿ ಸಾದಾ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಎಥೆನಾಲ್‌ಗೆ 9 ಕೆಜಿ ಸಾಕು. 20 ಪರ್ಸೆಂಟ್ ಬೆರಕೆಗೆ ಹದಿಮೂರೂವರೆ ಆಸುಪಾಸು ಬರುತ್ತೆ. ಅಂದರೆ ಅಷ್ಟೇ ಗಾಳಿಗೆ ಈಗ ತೂಕದಲ್ಲಿ ಎಂಟೊಂಬತ್ತು ಪರ್ಸೆಂಟ್ ಜಾಸ್ತಿ ಪೆಟ್ರೋಲ್ ಬೇಕು. ನಿಮ್ಮ ಕಾರ್ಬರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ಟಿನ ತೂತು ಹಳೇ ಲೆಕ್ಕದ್ದು.

ಸಿಂಧನೂರು ಮೇಸ್ತ್ರಿ:

ಚೋಕ್ ಎಳೆದುಕೊಂಡು ಓಡಿಸುತ್ತಾ ಇರಬೇಡ. ಮೊದಲು ಕಾರ್ಬರೇಟರ್ ಕೆಳಗಿನ ಪ್ಯಾಕಿಂಗಿನಲ್ಲಿ ಗಾಳಿ ಎಳೀತಿದೆಯಾ ನೋಡು, ಬೋಲ್ಟ್ ಬಿಗಿ ಮಾಡು. ಅದು ಸರಿ ಇದ್ದರೆ ಮೇನ್ ಜೆಟ್ ಒಂದೇ ನಂಬರ್ ದೊಡ್ಡದು ಹಾಕು. ಇರುವ ಜೆಟ್ಟಿಗೆ ಸೂಜಿ ಹಾಕಿ ತೂತು ದೊಡ್ಡದು ಮಾಡುವವರ ಕೈಗೆ ಮಾತ್ರ ಕೊಡಬೇಡ, ಹಳೇದನ್ನು ಡಬ್ಬಿಯಲ್ಲಿ ಹಾಗೇ ಎತ್ತಿಡು. ಹಾಕಿದ ಮೇಲೆ ಐವತ್ತು ಕಿಲೋಮೀಟರ್ ಓಡಿಸಿ, ಪ್ಲಗ್ ತೆಗೆದು, ತುದಿಯ ಬಣ್ಣ ಬರೆದು ಹಾಕು.

ಗಂಗಾವತಿ ಪಿಕಪ್:

ಬೋಲ್ಟ್ ಒಂದು ಅರ್ಧ ಸುತ್ತು ಸಡಿಲ ಇತ್ತು, ಬಿಗಿ ಮಾಡಿದೆ, ಸ್ವಲ್ಪ ಕಡಿಮೆ ಆಯ್ತು. ಜೆಟ್ ನಿನ್ನೆ ಸಂಜೆ ಹಾಕಿದೆ. ಇವತ್ತು ಸಿಂಧನೂರು ಹಾದಿಯಲ್ಲಿ ಐವತ್ತೆರಡು ಕಿಲೋಮೀಟರ್. ನಾಲ್ಕೂ ಪ್ಲಗ್ ತೆಗೆದೆ, ಮೂರು ಹುರಿದ ಶೇಂಗಾ ಬಣ್ಣ, ನಾಲ್ಕನೇದು ಅದಕ್ಕಿಂತ ಒಂದು ಚೂರು ತಿಳಿ. ಏರಿನಲ್ಲಿ ಪುಸ್ ಸದ್ದು ಇಲ್ಲ.